ಕಾನೂನು ಗ್ರಂಥಾಲಯದಲ್ಲಿ ಹೊಸ ಜಾಲ ತಂತ್ರಜ್ಞಾನ: ಸಣ್ಣ ಕಾಲೇಜು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಗ್ರಂಥಪಾಲಕಿ, ಕಾನೂನು ಕಾಲೇಜು, ಮಲೆನಾಡು

ಮಾನ್ಯರೇ, ನಾನು ಮಲೆನಾಡಿನ ಒಂದು ಜಿಲ್ಲಾ ಕೇಂದ್ರದ ಕಾನೂನು ಕಾಲೇಜಿನಲ್ಲಿ 11 ವರ್ಷಗಳಿಂದ ಗ್ರಂಥಪಾಲಕಿಯಾಗಿದ್ದೇನೆ. ಕಳೆದ ತಿಂಗಳು ನಡೆದ ಒಂದು ಸಂಗತಿ ಈ ಪ್ರಶ್ನೆಯನ್ನು ಬರೆಯುವಂತೆ ಮಾಡಿತು. ಅಣಕು ನ್ಯಾಯಾಲಯದ ಸ್ಪರ್ಧೆಗೆ ಸಿದ್ಧನಾಗುತ್ತಿದ್ದ ವಿದ್ಯಾರ್ಥಿಯೊಬ್ಬ ಕರ್ನಾಟಕ ಭೂ ಸುಧಾರಣಾ ಕಾಯ್ದೆ, 1961ರ ಬೇರ್ ಆಕ್ಟ್ (ವ್ಯಾಖ್ಯಾನವಿಲ್ಲದ, ಕಾಯ್ದೆಯ ಪಠ್ಯವಷ್ಟೇ ಇರುವ ಪುಸ್ತಕ) ಕೇಳಿದ. ನಮ್ಮ ಕಪಾಟಿನಲ್ಲಿದ್ದ ಪ್ರತಿಯನ್ನು ಕೊಟ್ಟೆ. ಕೃಷಿಯೇತರ ಆದಾಯವುಳ್ಳವರು ಮತ್ತು ಕೃಷಿಕರಲ್ಲದವರು ಕೃಷಿಭೂಮಿ ಪಡೆಯುವುದನ್ನು ನಿರ್ಬಂಧಿಸುತ್ತಿದ್ದ 79ಎ ಮತ್ತು 79ಬಿ ಕಲಂಗಳ ಮೇಲೆ ಆತ ತನ್ನ ಇಡೀ ವಾದವನ್ನು ಕಟ್ಟಿದ. 2020ರ ತಿದ್ದುಪಡಿಯಲ್ಲಿ ಆ ಕಲಂಗಳನ್ನೇ ಕೈಬಿಡಲಾಗಿದೆ ಎಂಬುದು ಎದುರು ತಂಡದವರು ಎದ್ದುನಿಂತು ಹೇಳುವವರೆಗೂ ಅವನಿಗೆ ತಿಳಿದಿರಲಿಲ್ಲ. ತಿದ್ದುಪಡಿಯನ್ನು ಗಮನಿಸದೇ ಇದ್ದದ್ದು ಅವನ ತಪ್ಪು ಎಂದು ಅಧ್ಯಾಪಕರು ಹೇಳಿದರು. ಆದರೆ ಆ ಪುಸ್ತಕವನ್ನು ಅವನ ಕೈಗಿಟ್ಟವಳು ನಾನು, ಮತ್ತು ಅದರ ಮೇಲೆ ಒಂದು ಎಚ್ಚರಿಕೆಯ ಚೀಟಿಯೂ ಇರಲಿಲ್ಲ.

ನಾಲ್ಕು ವರ್ಷಗಳ ಹಿಂದೆ ಕಾಲೇಜಿನ ಜಾಲತಾಣದಲ್ಲಿ ಗ್ರಂಥಾಲಯಕ್ಕೆಂದು ಒಂದು ಪುಟ ತೆರೆದು, ಕಾಯ್ದೆಗಳಿಗೆ ಮತ್ತು ತೀರ್ಪುಗಳಿಗೆ 60ಕ್ಕೂ ಹೆಚ್ಚು ಕೊಂಡಿಗಳನ್ನು ಹಾಕಿದ್ದೆ. ಈ ಘಟನೆಯ ಮಾರನೆಯ ದಿನ ಕುಳಿತು ಒಂದೊಂದನ್ನೇ ಒತ್ತಿ ನೋಡಿದೆ. ಅರ್ಧಕ್ಕರ್ಧ ತೆರೆದುಕೊಳ್ಳಲೇ ಇಲ್ಲ. ಈಗ ಆಡಳಿತ ಮಂಡಳಿಯವರು ಶುಲ್ಕ ಕೊಟ್ಟು ಪಡೆಯುವ ತೀರ್ಪು-ಕಾಯ್ದೆಗಳ ದತ್ತಸಂಚಯಕ್ಕೆ (ಡೇಟಾಬೇಸ್) ಚಂದಾದಾರರಾಗುವುದೋ ಅಥವಾ ಗ್ರಂಥಾಲಯದ ಜಾಲವ್ಯವಸ್ಥೆಯನ್ನು ನಾವೇ ಸುಧಾರಿಸಿಕೊಳ್ಳುವುದೋ ಎಂದು ನನ್ನನ್ನೇ ಕೇಳಿದ್ದಾರೆ. ಎರಡಕ್ಕೂ ಸಾಲುವಷ್ಟು ಹಣವಿಲ್ಲ. ಹೊಸದಾಗಿ ಬರುತ್ತಿರುವ ಜಾಲ ತಂತ್ರಜ್ಞಾನಗಳಲ್ಲಿ ನಮ್ಮಂಥ ಗ್ರಂಥಾಲಯಕ್ಕೆ ನಿಜವಾಗಿ ಒದಗುವಂಥವು ಯಾವುವು? ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕನ್ನಡದಲ್ಲಿ ಹುಡುಕುತ್ತಾರೆ, ಮತ್ತು ನನಗೆ ಒಬ್ಬ ಸಹಾಯಕನಿದ್ದಾನೆ ಎಂಬುದನ್ನು ಗಮನದಲ್ಲಿಟ್ಟುಕೊಂಡು ಅನುಭವಸ್ಥರು ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಗ್ರಂಥಪಾಲಕ, ಬೆಂಗಳೂರು

ಮೇಡಂ, ನೀವು ಕೊಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದಿರಲ್ಲ, ಬಹಳಷ್ಟು ಗ್ರಂಥಾಲಯಗಳು ಆ ಕೆಲಸವನ್ನೇ ಮಾಡಿಲ್ಲ. ಕೊಂಡಿ ಸಾಯುವುದು ನಿಮ್ಮೊಬ್ಬರ ಸಮಸ್ಯೆಯಲ್ಲ. ಹಾರ್ವರ್ಡ್‌ನ ಸಂಶೋಧಕರು 2013ರ ಸುಮಾರಿಗೆ ನಡೆಸಿದ ಅಧ್ಯಯನದಲ್ಲಿ, ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಉಲ್ಲೇಖಗೊಂಡ ಜಾಲವಿಳಾಸಗಳಲ್ಲಿ ಅರ್ಧದಷ್ಟು ಮೂಲ ಮಾಹಿತಿಯನ್ನು ತೋರಿಸುತ್ತಿರಲಿಲ್ಲ ಎಂದು ಕಂಡುಬಂದಿತು. ಅಲ್ಲಿನ ಕಾನೂನು ಶಾಲೆಯ ಗ್ರಂಥಾಲಯವೇ ಮುಂದೆ ನಿಂತು, ಉಲ್ಲೇಖಿಸಿದ ಪುಟದ ಪ್ರತಿಯನ್ನು ಕಾಪಿಟ್ಟು ಅದಕ್ಕೊಂದು ಶಾಶ್ವತ ವಿಳಾಸ ಕೊಡುವ 'ಪರ್ಮಾ' ಸೇವೆಯನ್ನು 2013ರಲ್ಲಿ ಆರಂಭಿಸಿತು. ಅದನ್ನೇ ನಾವು ಬಳಸಬೇಕೆಂದು ನಾನು ಹೇಳುತ್ತಿಲ್ಲ. ಅದರ ಹಿಂದಿರುವ ವಿಚಾರವನ್ನು ಮಾತ್ರ ತೆಗೆದುಕೊಳ್ಳೋಣ: ಓದುಗನ ಕೈಗೆ ಕೊಡುವ ವಿಳಾಸ ಗ್ರಂಥಾಲಯದ ಹಿಡಿತದಲ್ಲಿರಬೇಕು.

ಇದನ್ನು ನೀವು ಯಾವ ಖರ್ಚೂ ಇಲ್ಲದೆ ಮಾಡಬಹುದು. ನಿಮ್ಮ ಪ್ರತಿಯೊಂದು ಬೇರ್ ಆಕ್ಟಿನ ಒಳಪುಟಕ್ಕೆ ಒಂದು ಕ್ಯುಆರ್ ಚೀಟಿ ಅಂಟಿಸಿ. ಆ ಚೀಟಿ ನೇರವಾಗಿ ಸರ್ಕಾರಿ ತಾಣಕ್ಕೆ ಹೋಗಕೂಡದು. ನಿಮ್ಮ ಕಾಲೇಜಿನ ತಾಣದಲ್ಲಿ ಆ ಕಾಯ್ದೆಗೆಂದೇ ಇರುವ ಒಂದು ಚಿಕ್ಕ ಪುಟಕ್ಕೆ ಹೋಗಬೇಕು. ಆ ಪುಟದಲ್ಲಿ ನಾಲ್ಕೈದು ಸಾಲುಗಳಿದ್ದರೆ ಸಾಕು: ನಮ್ಮ ಪುಸ್ತಕ ಯಾವ ವರ್ಷದ ಮುದ್ರಣ, ಆ ಬಳಿಕ ಯಾವ ತಿದ್ದುಪಡಿಗಳಾಗಿವೆ, ಕಾಯ್ದೆಗಳ ಸರ್ಕಾರಿ ತಾಣವಾದ ಇಂಡಿಯಾ ಕೋಡ್‌ನಲ್ಲಿ ಮತ್ತು ರಾಜ್ಯದ ಸಂಸದೀಯ ವ್ಯವಹಾರಗಳ ಇಲಾಖೆಯ ತಾಣದಲ್ಲಿ ಅದರ ಪಠ್ಯ ಎಲ್ಲಿದೆ, ಇದನ್ನು ಕೊನೆಯದಾಗಿ ಯಾರು ಯಾವ ದಿನ ಪರಿಶೀಲಿಸಿದರು. ಸರ್ಕಾರಿ ತಾಣದ ವಿಳಾಸ ಬದಲಾದ ದಿನ ನೀವು ನಿಮ್ಮ ಪುಟದ ಒಂದು ಸಾಲನ್ನು ತಿದ್ದಿದರೆ ಮುಗಿಯಿತು, ಪುಸ್ತಕದ ಚೀಟಿಯನ್ನು ಕಿತ್ತು ಹೊಸದು ಅಂಟಿಸಬೇಕಾಗಿಲ್ಲ. ನಿಮ್ಮ ವಿದ್ಯಾರ್ಥಿ ಆ ದಿನ ಪುಸ್ತಕ ತೆರೆದು ಫೋನ್ ಹಿಡಿದಿದ್ದರೆ 79ಎ ಇಲ್ಲವೆಂಬುದು ಅವನಿಗೆ ಅಲ್ಲಿಯೇ ತಿಳಿಯುತ್ತಿತ್ತು.

ತೀರ್ಪುಗಳ ವಿಷಯದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಆಗಿರುವ ಬದಲಾವಣೆ ದೊಡ್ಡದು, ಆದರೆ ಅದಕ್ಕೆ ತಕ್ಕಷ್ಟು ಪ್ರಚಾರ ಸಿಕ್ಕಿಲ್ಲ. 2023ರ ಜನವರಿ 2ರಂದು ಸುಪ್ರೀಂ ಕೋರ್ಟ್ ಇ-ಎಸ್‌ಸಿಆರ್ ಯೋಜನೆಯನ್ನು ಆರಂಭಿಸಿ, ತನ್ನ ಅಧಿಕೃತ ವರದಿಗಳಲ್ಲಿರುವ ಸುಮಾರು 34,000 ತೀರ್ಪುಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಮರುತಿಂಗಳೇ ತಟಸ್ಥ ಸೈಟೇಷನ್ ಪದ್ಧತಿಯನ್ನು, ಅಂದರೆ ಯಾವ ಪ್ರಕಾಶಕರನ್ನೂ ಅವಲಂಬಿಸದ ಉಲ್ಲೇಖ ಸಂಖ್ಯೆಯನ್ನು, ಜಾರಿಗೆ ತಂದಿತು. ಅಲ್ಲಿಯವರೆಗೆ ತೀರ್ಪುಗಳನ್ನು ಅಚ್ಚು ಮಾಡುವ ಬೇರೆ ಬೇರೆ ವರದಿಗಳಲ್ಲಿ ಒಂದೇ ತೀರ್ಪಿಗೆ ಎಐಆರ್‌ನಲ್ಲಿ ಒಂದು ಸಂಖ್ಯೆ, ಎಸ್‌ಸಿಸಿಯಲ್ಲಿ ಇನ್ನೊಂದು, ಎಸ್‌ಸಿಆರ್‌ನಲ್ಲಿ ಮತ್ತೊಂದು. ಯಾವ ಪ್ರಕಾಶಕರ ಸಂಪುಟ ನಿಮ್ಮಲ್ಲಿಲ್ಲವೋ ಆ ಸಂಖ್ಯೆ ನಿಮ್ಮ ಪಾಲಿಗೆ ಕುರುಡು. ಈಗ '2023 ಐಎನ್‌ಎಸ್‌ಸಿ 1' ಎಂಬ ರೀತಿಯ ಸಂಖ್ಯೆಯನ್ನು ನ್ಯಾಯಾಲಯವೇ ಕೊಡುತ್ತದೆ. ನಮ್ಮ ಹೈಕೋರ್ಟಿನ ತೀರ್ಪುಗಳ ಮೇಲೂ ವರ್ಷ, 'ಕೆಎಚ್‌ಸಿ', ಕ್ರಮಸಂಖ್ಯೆ ಎಂಬ ಅನುಕ್ರಮ ಇರುತ್ತದೆ. ಧಾರವಾಡ ಪೀಠದ್ದಾದರೆ 'ಡಿ', ಕಲಬುರಗಿ ಪೀಠದ್ದಾದರೆ 'ಕೆ' ಸೇರಿರುತ್ತದೆ. ನೀವು ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಬಳಸುತ್ತಿದ್ದರೆ, ಮುಖ್ಯ ತೀರ್ಪುಗಳಿಗೆ ಒಂದೊಂದು ದಾಖಲೆ ಮಾಡಿ, ತಟಸ್ಥ ಸಂಖ್ಯೆಯನ್ನೇ ಗುರುತಾಗಿಟ್ಟು, ಮಾರ್ಕ್ (ಗ್ರಂಥಸೂಚಿಯ ನಮೂನೆ) ದಾಖಲೆಯಲ್ಲಿ ಜಾಲವಿಳಾಸಕ್ಕೆಂದೇ ಇರುವ 856ನೇ ಕ್ಷೇತ್ರದಲ್ಲಿ ವಿಳಾಸವನ್ನು ತುಂಬಿ. ಜಾಲವಿಳಾಸ ಸತ್ತರೂ ಆ ಸಂಖ್ಯೆಯಿಂದ ತೀರ್ಪನ್ನು ಮತ್ತೆ ಹುಡುಕಿಕೊಳ್ಳಬಹುದು.

ಚಂದಾದಾರಿಕೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಒಂದು ವರ್ಷದ ಚಂದಾ ಮುಗಿದ ದಿನ ನಿಮ್ಮ ಕೈ ಬರಿದಾಗುತ್ತದೆ. ಮೊದಲು ನಿಮ್ಮದೇ ಪುಟಗಳನ್ನು ಗಟ್ಟಿ ಮಾಡಿಕೊಳ್ಳಿ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮಗೆ ಕಲಿಸಿದವರು ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರ ಐದು ಸೂತ್ರಗಳನ್ನು ಬಾಯಿಪಾಠ ಮಾಡಿಸಿದ್ದರು. ಓದುಗನ ಸಮಯ ಉಳಿಸಬೇಕು ಎಂಬ ನಾಲ್ಕನೆಯ ಸೂತ್ರ ವಕೀಲರ ಗ್ರಂಥಾಲಯದಲ್ಲಿ ಎಷ್ಟು ನಿಜ ಎಂಬುದು ಬೆಳಿಗ್ಗೆ ಹತ್ತೂವರೆಗೆ, ಕೋರ್ಟು ಕೂರುವ ಹೊತ್ತಿಗೆ ಸರಿಯಾಗಿ, ಒಂದು ಸೈಟೇಷನ್ ಕೇಳಿಕೊಂಡು ಓಡಿಬರುವ ಜೂನಿಯರ್ ವಕೀಲರನ್ನು ಕಂಡವರಿಗೆ ಗೊತ್ತು.

ಉತ್ತರ 2: ವಕೀಲೆ, ಧಾರವಾಡ

ಮೇಲಿನ ಉತ್ತರವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಗ್ರಂಥಾಲಯವನ್ನು ಬಳಸುವವಳಾಗಿ ಒಂದೆರಡು ಮಾತು ಸೇರಿಸಬೇಕಿದೆ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದವು. 511 ಕಲಂಗಳ ದಂಡ ಸಂಹಿತೆಯ ಜಾಗಕ್ಕೆ 358 ಕಲಂಗಳ ನ್ಯಾಯ ಸಂಹಿತೆ ಬಂದಿದೆ. ನಾವು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಸಂಖ್ಯೆಗಳೆಲ್ಲ ಸ್ಥಳ ಬದಲಿಸಿವೆ. ಕೊಲೆಗೆ 302 ಎನ್ನುತ್ತಿದ್ದೆವು, ಈಗ 103. ಇದಕ್ಕಿಂತ ಅಪಾಯಕಾರಿಯಾದ ಉದಾಹರಣೆ 482. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 482 ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಅಂದರೆ ಪ್ರಕರಣ ರದ್ದು ಕೋರುವ ಅರ್ಜಿ. ನಿರೀಕ್ಷಣಾ ಜಾಮೀನಿಗೆ 438 ಇತ್ತು. ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 482 ಎಂದರೆ ನಿರೀಕ್ಷಣಾ ಜಾಮೀನು, ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. 'ಕಲಂ 482' ಎಂದಷ್ಟೇ ಟೈಪ್ ಮಾಡಿ ಹುಡುಕುವ ವಿದ್ಯಾರ್ಥಿಗೆ ಎರಡು ಬೇರೆ ಬೇರೆ ಪರಿಹಾರಗಳ ತೀರ್ಪುಗಳು ಒಂದೇ ಪಟ್ಟಿಯಲ್ಲಿ ಬಂದು ಬೀಳುತ್ತವೆ, ಮತ್ತು ಯಾವುದು ಯಾವುದೆಂದು ಹುಡುಕುಯಂತ್ರ ಹೇಳುವುದಿಲ್ಲ. 2024ರ ಜುಲೈ 1ಕ್ಕಿಂತ ಮುಂಚೆ ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ ಹಳೆಯ ಪುಸ್ತಕಗಳನ್ನು ತೆಗೆದುಹಾಕುವಂತೆಯೂ ಇಲ್ಲ. ಇನ್ನೂ ಎಷ್ಟೋ ವರ್ಷ ಎರಡೂ ಅಕ್ಕಪಕ್ಕದಲ್ಲೇ ಇರಬೇಕಾಗುತ್ತದೆ. ಹಳೆಯ ಕಲಂ, ಹೊಸ ಕಲಂ, ಬದಲಾದದ್ದೇನು ಎಂದು ತೋರಿಸುವ ಒಂದು ಹುಡುಕಬಹುದಾದ ಕೋಷ್ಟಕವನ್ನು ನಿಮ್ಮ ತಾಣದಲ್ಲಿ ಹಾಕಿದರೆ ವಿದ್ಯಾರ್ಥಿಗಳಷ್ಟೇ ಅಲ್ಲ, ನಿಮ್ಮ ಊರಿನ ವಕೀಲರ ಸಂಘದವರೂ ಪ್ರತಿದಿನ ಅದನ್ನು ತೆರೆಯುತ್ತಾರೆ.

ಇನ್ನು ಕೃತಕ ಬುದ್ಧಿಮತ್ತೆ. ಆಡಳಿತ ಮಂಡಳಿಯವರು ಈ ಮಾತನ್ನು ಎತ್ತಿಯೇ ಎತ್ತುತ್ತಾರೆ. 2023ರಲ್ಲಿ ನ್ಯೂಯಾರ್ಕಿನಲ್ಲಿ ಚಾಟ್‌ಜಿಪಿಟಿ ಸೃಷ್ಟಿಸಿಕೊಟ್ಟ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿದ್ದಿತು. ಅದು ದೂರದ ಮಾತು ಎಂದುಕೊಳ್ಳುವಂತಿಲ್ಲ. 2025ರಲ್ಲಿ ನಮ್ಮ ಹೈಕೋರ್ಟ್, ಬೆಂಗಳೂರಿನ ಒಂದು ಸಿವಿಲ್ ನ್ಯಾಯಾಲಯದ ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಆಧರಿಸಲಾಗಿದೆ ಎಂದು ಗಮನಿಸಿ ಅದನ್ನು ಗಂಭೀರವಾಗಿ ತೆಗೆದುಕೊಂಡಿತು. ಆದ್ದರಿಂದ ಗ್ರಂಥಾಲಯದ ಮೇಜಿನ ಮೇಲೆ ಒಂದು ನಿಯಮವನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿ: ಯಂತ್ರ ಕೊಟ್ಟ ಸೈಟೇಷನ್ನನ್ನು ಇ-ಎಸ್‌ಸಿಆರ್‌ನಲ್ಲಿ ಅಥವಾ ಹೈಕೋರ್ಟಿನ ತಾಣದಲ್ಲಿ ತೆರೆದು, ತೀರ್ಪಿನ ಸಂಬಂಧಪಟ್ಟ ಪ್ಯಾರಾವನ್ನು ಕಣ್ಣಾರೆ ಓದದೆ ಯಾರೂ ಬಳಸಬಾರದು. ಹೀಗೆ ಪರಿಶೀಲಿಸುವುದನ್ನು ಮೊದಲ ವರ್ಷದಲ್ಲೇ, ಗ್ರಂಥಾಲಯದ ಪರಿಚಯದ ತರಗತಿಯಲ್ಲೇ, ನೀವೇ ಕಲಿಸಿದರೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ನಾನು ಕಲಿಯುವಾಗ ನಮಗೆ ಯಾರೂ ಅದನ್ನು ಹೇಳಿಕೊಡಲಿಲ್ಲ.

ಉತ್ತರ 3: ಡಿಜಿಟಲ್ ಗ್ರಂಥಾಲಯ ತಂತ್ರಜ್ಞ, ಮೈಸೂರು

ಕನ್ನಡದಲ್ಲಿ ಹುಡುಕುವ ವಿದ್ಯಾರ್ಥಿಗಳ ಬಗ್ಗೆ ನೀವು ಬರೆದ ಒಂದು ಸಾಲಿಗೆ ಇದುವರೆಗೆ ಉತ್ತರ ಬಂದಿಲ್ಲ, ಆದ್ದರಿಂದ ನಾನು ಅಷ್ಟಕ್ಕೇ ಸೀಮಿತನಾಗುತ್ತೇನೆ.

ರಾಜ್ಯದ ಕಾಯ್ದೆಗಳ, ಅಧಿಸೂಚನೆಗಳ ಕನ್ನಡ ಪಿಡಿಎಫ್‌ಗಳಲ್ಲಿ ಹಳೆಯವು ಬಹುಮಟ್ಟಿಗೆ ಎರಡು ಬಗೆಯವು. ಮೊದಲನೆಯದು ಕಾಗದವನ್ನು ಸ್ಕ್ಯಾನ್ ಮಾಡಿದ ಚಿತ್ರ. ಎರಡನೆಯದು ಯುನಿಕೋಡ್ (ಎಲ್ಲ ಗಣಕಗಳೂ ಒಂದೇ ರೀತಿ ಓದುವ ಅಕ್ಷರಸಂಕೇತ) ಬಳಕೆಗೆ ಬರುವ ಮುನ್ನ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು. ಈ ಎರಡನೆಯದರಲ್ಲಿ ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಕಾಣುತ್ತದೆ, ಆದರೆ ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳೂ ತಲೆಬುಡವಿಲ್ಲದ ಚಿಹ್ನೆಗಳೂ ಬೀಳುತ್ತವೆ. ಹುಡುಕುಯಂತ್ರ ಓದುವುದು ಆ ಚಿಹ್ನೆಗಳನ್ನೇ. ಆದ್ದರಿಂದ 'ಗೇಣಿದಾರ' ಎಂದು ಹುಡುಕಿದವನಿಗೆ, ಆ ಪದ ನೂರು ಸಲ ಬಂದಿರುವ ಕಾಯ್ದೆಯೂ ಸಿಗುವುದಿಲ್ಲ.

ಇವೆರಡಕ್ಕೂ ಮದ್ದು ಬೇರೆ ಬೇರೆ, ಒಂದಕ್ಕೆ ಇನ್ನೊಂದನ್ನು ಹಾಕಬೇಡಿ. ನುಡಿ ಫಾಂಟಿನ ಪಠ್ಯವನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ತರಬೇಕು. ಅಕ್ಷರಕ್ಕೆ ಅಕ್ಷರ ನಿಗದಿತ ನಿಯಮದಂತೆ ಬದಲಾಗುವುದರಿಂದ ತಪ್ಪು ಕಡಿಮೆ. ಸ್ಕ್ಯಾನ್ ಚಿತ್ರಕ್ಕೆ ಅಕ್ಷರ ಗುರುತಿಸುವ ತಂತ್ರಾಂಶ ಬೇಕು. ಮುಕ್ತ ತಂತ್ರಾಂಶವಾದ ಟೆಸೆರಾಕ್ಟ್ ಕನ್ನಡವನ್ನು ಓದುತ್ತದೆ. ಆದರೆ 'ಥ' ಇದ್ದಲ್ಲಿ 'ಧ', ಒತ್ತಕ್ಷರ ಇದ್ದಲ್ಲಿ ಏನೂ ಇಲ್ಲ ಎಂಬಂಥ ತಪ್ಪುಗಳು ಬರುತ್ತವೆ. ಕನ್ನಡ ಅಂಕಿಗಳಲ್ಲಿ ಅಚ್ಚಾದ ಹಳೆಯ ಪುಟಗಳಲ್ಲಿ ನಾನು ಹೆದರುವುದು ೬ ಮತ್ತು ೯ಕ್ಕೆ. ಕಥೆಯ ಪುಸ್ತಕದಲ್ಲಿ ಒಂದು ಅಂಕಿ ತಪ್ಪಿದರೆ ಓದುಗ ಸರಿಪಡಿಸಿಕೊಳ್ಳುತ್ತಾನೆ; ಕಾಯ್ದೆಯಲ್ಲಿ ಕಲಂ ಸಂಖ್ಯೆ ತಪ್ಪಿದರೆ ಕಾನೂನೇ ಬೇರೆಯಾಗುತ್ತದೆ. ಹಾಗಾಗಿ ಗುರುತಿಸಿದ ಪಠ್ಯವನ್ನು ಹುಡುಕುವುದಕ್ಕಷ್ಟೇ ಬಳಸಿ, ಓದುವುದಕ್ಕೆ ಮೂಲ ಪುಟದ ಚಿತ್ರವನ್ನೇ ತೋರಿಸಿ. ಡಿಸ್ಪೇಸ್‌ನಂಥ ಸಂಗ್ರಹ ತಂತ್ರಾಂಶದಲ್ಲಿ ಎರಡನ್ನೂ ಒಟ್ಟಿಗೆ ಇಡಬಹುದು. ಪ್ರತಿ ದಾಖಲೆಗೂ ಅದು ಬದಲಾಗದ ಗುರುತು ಕೊಡುವುದರಿಂದ ಮೇಲೆ ಹಿರಿಯರು ಹೇಳಿದ ಚೀಟಿಯ ಯೋಜನೆಗೂ ಅದು ಹೊಂದುತ್ತದೆ.

ಕಣ್ಣಿಗೆ ಕಾಣದ ಒಂದು ತೊಡಕನ್ನೂ ಹೇಳಬೇಕು. 'ಹೈಕೋರ್ಟ್‌ಗೆ' ಎಂದು ಬರೆಯುವಾಗ 'ಟ' ಮತ್ತು 'ಗ' ಒಂದರ ಕೆಳಗೊಂದು ಹೋಗದಂತೆ ನಡುವೆ ಅಗೋಚರವಾದ ಒಂದು ಅಕ್ಷರ ಕುಳಿತಿರುತ್ತದೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಇನ್ನು ಕೆಲವರು ಅನುಸ್ವಾರದ ಬದಲು ಸೊನ್ನೆಯನ್ನೇ ಒತ್ತಿರುತ್ತಾರೆ. ನೋಡುವವರಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ ಬೇರೆ. ಸೂಚಿ ತಯಾರಿಸುವಾಗಲೂ ಹುಡುಕುವಾಗಲೂ ಈ ವ್ಯತ್ಯಾಸಗಳನ್ನು ಅಳಿಸಿಹಾಕುವ ಒಂದು ಸಣ್ಣ ಹೊಂದಾಣಿಕೆ ಮಾಡಿಸಿಕೊಳ್ಳಿ. ಅದರ ಜೊತೆಗೆ ಸಮಾನಪದಗಳ ಒಂದು ಪಟ್ಟಿ ಬೇಕು: ಜೀವನಾಂಶ ಮತ್ತು ಮೆಂಟೆನೆನ್ಸ್, ತಡೆಯಾಜ್ಞೆ ಮತ್ತು ಸ್ಟೇ, ಪಹಣಿ ಮತ್ತು ಆರ್‌ಟಿಸಿ. ಈ ಪಟ್ಟಿಯನ್ನು ತಂತ್ರಜ್ಞರು ಮಾಡಿಕೊಡಲಾರರು. ಎದುರಿನ ಮೇಜಿನಲ್ಲಿ ಓದುಗರು ಏನೆಂದು ಕೇಳುತ್ತಾರೋ ಅದನ್ನು 11 ವರ್ಷಗಳಿಂದ ಕೇಳಿಸಿಕೊಂಡ ನೀವೇ ಬರೆಯಬೇಕು.

ಮರುಪ್ರಶ್ನೆ: ಗ್ರಂಥಪಾಲಕಿ, ಮಲೆನಾಡು

ಮೂವರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ಸಂಜೆ ಸಹಾಯಕನೊಂದಿಗೆ ಕುಳಿತು ಸಮಾನಪದಗಳನ್ನು ಬರೆಯತೊಡಗಿದೆ. ಒಂದು ಗಂಟೆಯಲ್ಲಿ ನೋಟುಪುಸ್ತಕದ ಮೂರು ಪುಟ ತುಂಬಿತು. ಕ್ರಯಪತ್ರವನ್ನೇ ವಿದ್ಯಾರ್ಥಿಗಳು ಐದು ಬಗೆಯಲ್ಲಿ ಕೇಳುತ್ತಾರೆ ಎಂಬುದು ಬರೆಯುವಾಗ ನನಗೇ ಅರಿವಾಯಿತು.

ಒಂದು ಸಂದೇಹ ಉಳಿದಿದೆ. ಮುಖ್ಯ ತೀರ್ಪುಗಳನ್ನೂ ಕಾಯ್ದೆಗಳನ್ನೂ ನಮ್ಮ ಸಂಗ್ರಹದಲ್ಲೇ ಇರಿಸಿ ಸಾರ್ವಜನಿಕವಾಗಿ ತೆರೆದಿಟ್ಟರೆ ಕೃತಿಸ್ವಾಮ್ಯದ ತೊಂದರೆಯಾಗುತ್ತದೆಯೇ? ನಮ್ಮಲ್ಲಿರುವ ಕಾನೂನು ವರದಿಗಳ ಪುಟಗಳನ್ನೇ ಸ್ಕ್ಯಾನ್ ಮಾಡಿ ಹಾಕಬಹುದೆಂದು ಅಧ್ಯಾಪಕರೊಬ್ಬರು ಸಲಹೆ ಕೊಟ್ಟಿದ್ದಾರೆ.

ಉತ್ತರ 4: ವಕೀಲೆ, ಧಾರವಾಡ

ಆ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಕೃತಿಸ್ವಾಮ್ಯ ಕಾಯ್ದೆ, 1957ರ 52(1)(ಕ್ಯು) ಪ್ರಕಾರ, ನ್ಯಾಯಾಲಯ ನಿಷೇಧಿಸಿರದ ಹೊರತು, ತೀರ್ಪನ್ನು ಮರುಪ್ರಕಟಿಸುವುದು ಉಲ್ಲಂಘನೆಯಲ್ಲ. ಆದರೆ ವರದಿಯ ಪ್ರಕಾಶಕರು ಬರೆಸಿದ ಹೆಡ್‌ನೋಟು (ಆರಂಭದಲ್ಲಿರುವ ಸಾರಾಂಶ) ತೀರ್ಪಿನ ಭಾಗವಲ್ಲ. ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ.ಬಿ. ಮೋದಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಈ ಗೆರೆಯನ್ನು ಎಳೆದಿದೆ: ನ್ಯಾಯಾಲಯ ಕೊಟ್ಟ ಮೂಲ ಪಠ್ಯ ಎಲ್ಲರದ್ದು, ಸಂಪಾದಕರು ತಮ್ಮ ವಿವೇಚನೆಯಿಂದ ಪ್ಯಾರಾಗಳನ್ನು ವಿಂಗಡಿಸಿ ಸಂಖ್ಯೆ ಕೊಟ್ಟಂಥ ಸೇರ್ಪಡೆಗಳಿಗೆ ರಕ್ಷಣೆ ಇದೆ. ಆದ್ದರಿಂದ ಅಚ್ಚಾದ ಸಂಪುಟದಿಂದ ಸ್ಕ್ಯಾನ್ ಮಾಡದೆ, ನ್ಯಾಯಾಲಯದ ತಾಣದಿಂದಲೇ ಪ್ರತಿಯನ್ನು ಇಳಿಸಿಕೊಳ್ಳಿ.

ಕಾಯ್ದೆಗಳ ವಿಷಯದಲ್ಲಿ ಇನ್ನೊಂದು ಷರತ್ತಿದೆ, ಅದು ಬಹಳ ಜನರ ಗಮನಕ್ಕೆ ಬಂದಿಲ್ಲ. ಶಾಸನಸಭೆಯ ಕಾಯ್ದೆಯನ್ನು ಮರುಪ್ರಕಟಿಸುವುದಾದರೆ ಅದರೊಂದಿಗೆ ವ್ಯಾಖ್ಯಾನ ಅಥವಾ ಬೇರೆ ಯಾವುದಾದರೂ ಸ್ವಂತ ಬರಹ ಇರಬೇಕು ಎಂದು ಅದೇ ಉಪಖಂಡ ಹೇಳುತ್ತದೆ. ನೀವು ಮಾಡಹೊರಟಿರುವ ತಿದ್ದುಪಡಿಗಳ ಟಿಪ್ಪಣಿ ಆ ದೃಷ್ಟಿಯಿಂದಲೂ ಉಪಯುಕ್ತ. ಹಾಗಿದ್ದರೂ ಕಾಯ್ದೆಯ ಪೂರ್ಣ ಪಠ್ಯಕ್ಕೆ ಇಂಡಿಯಾ ಕೋಡ್‌ನತ್ತ ಕೈತೋರಿಸುವುದೇ ಮೇಲು, ಏಕೆಂದರೆ ನೀವು ಇಳಿಸಿಟ್ಟ ಪ್ರತಿ ಇಳಿಸಿದ ದಿನದಿಂದಲೇ ಹಳೆಯದಾಗತೊಡಗುತ್ತದೆ.

ಕೊನೆಯದಾಗಿ, ತೀರ್ಪುಗಳನ್ನು ನಿಮ್ಮಲ್ಲಿ ಇರಿಸುವ ಮುನ್ನ ಲೈಂಗಿಕ ಅಪರಾಧಗಳಿಗೆ ಸಂಬಂಧಿಸಿದವನ್ನು ಬೇರೆ ತೆಗೆದು ಓದಿ. ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದು ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಹೆಸರನ್ನು ಮರೆಮಾಡಿದ್ದರೂ ಊರು, ಶಾಲೆ, ತಂದೆಯ ಉದ್ಯೋಗ ಸೇರಿ ಗುರುತು ಸಿಕ್ಕಿಬಿಡುವ ತೀರ್ಪುಗಳನ್ನು ನಾನು ಕಂಡಿದ್ದೇನೆ. ನಿಮ್ಮ ಊರು ಚಿಕ್ಕದು, ಅಲ್ಲಿ ಓದುವವರಿಗೆ ಅಷ್ಟು ಸುಳಿವು ಸಾಕು.

ಉತ್ತರ 5: ನಿವೃತ್ತ ಗ್ರಂಥಪಾಲಕ, ಬೆಂಗಳೂರು

ಮೇಡಂ, ಆರಂಭಕ್ಕೆ ಇಡೀ ಕಪಾಟನ್ನು ಕೈಗೆತ್ತಿಕೊಳ್ಳಬೇಡಿ. ವಿತರಣಾ ದಾಖಲೆ ನೋಡಿ, ಕಳೆದ ಎರಡು ವರ್ಷಗಳಲ್ಲಿ ಅತಿ ಹೆಚ್ಚು ಹೊರಗೆ ಹೋದ 20 ಬೇರ್ ಆಕ್ಟುಗಳನ್ನು ಆರಿಸಿಕೊಂಡು ಅವಕ್ಕೆ ಮೊದಲು ಪುಟ ಮಾಡಿ. ಪ್ರತಿ ತಿಂಗಳ ಮೊದಲ ಸೋಮವಾರ ರಾಜ್ಯಪತ್ರ ಮತ್ತು ಇಂಡಿಯಾ ಕೋಡ್ ಎರಡನ್ನೂ ತೆರೆದು ಆ 20ನ್ನು ಸರಿನೋಡುವ ಕೆಲಸವನ್ನು ನಿಮ್ಮ ಸಹಾಯಕನ ಹೆಸರಿಗೆ ಬರೆದಿಡಿ. ಬದಲಾವಣೆ ಏನೂ ಇಲ್ಲದಿದ್ದರೂ ಪರಿಶೀಲಿಸಿದ ದಿನಾಂಕವನ್ನು ಮಾತ್ರ ಹೊಸದಾಗಿ ಹಾಕಲಿ. ಓದುಗ ನಂಬುವುದು ಆ ದಿನಾಂಕವನ್ನು. ಭೂ ಸುಧಾರಣಾ ಕಾಯ್ದೆಯ ಪುಟವನ್ನು ಮೊದಲು ಸಿದ್ಧಪಡಿಸಿ, ಸ್ಪರ್ಧೆಯಲ್ಲಿ ಸೋತ ಆ ಹುಡುಗನಿಂದಲೇ ತಿದ್ದುಪಡಿಯ ಟಿಪ್ಪಣಿ ಬರೆಸಿ, ನೀವು ಪರಿಶೀಲಿಸಿ ಅವನ ಹೆಸರಿನಲ್ಲೇ ಪ್ರಕಟಿಸಿ.